ಅಧ್ಯಕ್ಷರ ಮೇಲೊಂದು ಪದ್ಯ

ನಮ್ಮೂರ ಪುರಸಭೆಯವರು ರೊಟ್ಟಿ ಮಾರುವ ಫಕೀರವ್ವನನ್ನು ಊರ ಕವಿಯೆಂದು ಆರಿಸಿದರು. ಮದುವೆಯಿರಲಿ, ತೊಟ್ಟಿಲಿರಲಿ, ಅವಳು ನಿಂತಲ್ಲೇ ಪದ ಕಟ್ಟಿ ಹಾಡುತ್ತಿದ್ದಳು. ಶಾಲು ಹೊದಿಸಿದ ಮರುದಿನವೇ ಅಧ್ಯಕ್ಷ ಚನವೀರಗೌಡರು ಅವಳನ್ನು ಕರೆಸಿದರು.

“ಶುಕ್ರವಾರ ಸಭೆಯೊಳಗ ನನ್ನ ಮ್ಯಾಲೆ ಒಂದು ಪದ್ಯ ಹಾಡಬೇಕು. ಬರೇ ಹೊಗಳಿಕಿ ಇರಬೇಕು. ಇಲ್ಲಂದ್ರ ಈ ಪದವಿ ಬ್ಯಾರೆಯವರಿಗೆ ಕೊಡ್ತೀನಿ.”

ಪದವಿ ಬಿಡಲು ಫಕೀರವ್ವನಿಗೆ ಮನಸ್ಸಿರಲಿಲ್ಲ. ಸುಳ್ಳು ಹಾಡಲು ಬಾಯಿ ಬರುತ್ತಿರಲಿಲ್ಲ. ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಬಂದು ಹಾಡಿ ತೋರಿಸಿದಳು:

“ಕುಂಬಾರ ಓಣಿಗೆ ನೀರ ತಂದಾನ ಗೌಡ,
ಕೊಡ ತುಂಬಿ ಹರಸ್ಯಾರ ಓಣಿಯ ಹೆಂಗಸರ.”

ಗೌಡರ ಮುಖ ಅರಳಿತು. ಮರುಕ್ಷಣವೇ ಬಾಡಿತು.

“ಅಲ್ಲಬೇ, ಆ ಓಣಿ ನಳ ಒಣಗಿ ವರ್ಷ ಆತು! ಮಂದಿ ನಗ್ತಾರ.”

“ಹೌದ್ರಿ ಗೌಡ್ರ. ಆದ್ರ ಶುಕ್ರವಾರಕ್ಕ ಇನ್ನೂ ನಾಕು ದಿನ ಐತಲ್ರಿ.”

ಗೌಡರು ಅವಳನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು, ಪೈಪಿನವರಿಗೆ ಫೋನು ಹಚ್ಚಿದರು.

ಶುಕ್ರವಾರ ಫಕೀರವ್ವ ಹಾಡಿದಾಗ ಕುಂಬಾರ ಓಣಿಯ ಹೆಂಗಸರೇ ಮೊದಲು ಚಪ್ಪಾಳೆ ತಟ್ಟಿದರು. ಗೌಡರು ಕೊರಳ ಹಾರ ಸರಿಪಡಿಸಿಕೊಳ್ಳುತ್ತ ಅವಳ ಕಡೆ ಬಾಗಿ, ಮೆಲ್ಲಗೆ ಕೇಳಿದರು:

“ಮುಂದಿನ ಪದ್ಯ ಯಾವ ಓಣೀದು? ಒಂದು ತಿಂಗಳು ಮೊದಲೇ ಹೇಳಿಬಿಡಬೇ.”