ವಾಲದ ದೋಣಿ

ಅಳಿವೆಯ ಪಕ್ಕದ ಆಶ್ರಮದಲ್ಲಿ ಒಬ್ಬ ಗುರುವಿದ್ದ. ಸನ್ಯಾಸಕ್ಕೆ ಮೊದಲು ಅವನು ಹಾಯಿದೋಣಿ ನಡೆಸಿದವನು.

ಅವನ ಶಿಷ್ಯ ಜಟ್ಟಪ್ಪ ಸ್ವಂತ ದೋಣಿ ಕಟ್ಟಿಸಬೇಕೆಂದು ಹೊರಟ. ಒಂಟಿ ಒಡಲಿನದೋ, ಎರಡು ಒಡಲು ಜೋಡಿಸಿದ್ದೋ ಎಂದು ತೀರ್ಮಾನವಾಗದೆ ಗುರುವಿನ ಬಳಿ ಬಂದ.

ಗುರು ಅವನಿಗೆ ಏನು ಬೇಕೆಂದು ಕೇಳಿದ.

ಹೆದರಿಕೆ ಬೇಡ ಎಂದ ಜಟ್ಟಪ್ಪ. ಅಪ್ಪನ ಒಂಟಿ ದೋಣಿ ಗಾಳಿ ಬಂದಾಗಲೆಲ್ಲ ವಾಲುತ್ತಿತ್ತು. ಅಡಿಯ ಕಬ್ಬಿಣದ ಭಾರ ಅದನ್ನು ಮತ್ತೆ ನಿಲ್ಲಿಸುತ್ತಿತ್ತು, ನಿಜ. ಆದರೆ ಅಷ್ಟರಲ್ಲಿ ಜಟ್ಟಪ್ಪನ ಜೀವ ಬಾಯಿಗೆ ಬರುತ್ತಿತ್ತು. ಜೋಡಿ ದೋಣಿಯಾದರೆ ಮನೆಯ ಜಗಲಿಯ ಹಾಗೆ, ಅಲುಗುವುದಿಲ್ಲ.

ಗುರು ಹೇಳಿದ: "ವಾಲುವ ದೋಣಿ ತಾನೇ ನಿನ್ನನ್ನು ಹೆದರಿಸುತ್ತದೆ. ವಾಲದ ದೋಣಿಯಲ್ಲಿ ಹೆದರಿಕೆಯನ್ನು ನೀನೇ ಇಟ್ಟುಕೊಂಡಿರಬೇಕು."

ಜಟ್ಟಪ್ಪನ ಕಿವಿಗೆ ಬಿದ್ದದ್ದು 'ವಾಲದ ದೋಣಿ' ಎಂಬ ಮಾತೊಂದೇ. ಜೋಡಿ ದೋಣಿ ಕಟ್ಟಿಸಿದ.

ಮಳೆಗಾಲ ಕಳೆದ ಮೇಲೆ ತಂಗಿ ಮಾದೇವಿಯ ಗಂಡ ಹೊನ್ನಯ್ಯನನ್ನು ಜೊತೆಗೆ ಕರೆದುಕೊಂಡು ಸಮುದ್ರಕ್ಕಿಳಿದ. ಹೊನ್ನಯ್ಯನಿಗೆ ಅಷ್ಟು ಮನಸ್ಸಿರಲಿಲ್ಲ. ಇವನೇ ಒತ್ತಾಯ ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಬಲವಾಯಿತು. ಹಾಯಿ ಇಳಿಸೋಣ ಎಂದ ಹೊನ್ನಯ್ಯ. ಜಟ್ಟಪ್ಪ ನಕ್ಕ. ಹಲಗೆಯ ಮೇಲಿಟ್ಟ ನೀರಿನ ಚೊಂಬು ಕೂಡ ಜಾರಿರಲಿಲ್ಲ.

ಆಮೇಲೆ ಒಂದು ಒಡಲು ನೀರಿನಿಂದ ಮೇಲೆದ್ದಿತು. ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ದೋಣಿ ಮಗುಚಿಬಿದ್ದಿತ್ತು. ಮಗುಚಿದ್ದು ಮುಳುಗಲೂ ಇಲ್ಲ, ಮತ್ತೆ ಏಳಲೂ ಇಲ್ಲ.

ಜಟ್ಟಪ್ಪ ಅದರ ಬೆನ್ನು ಹಿಡಿದು ತೇಲಿದ. ಹೊನ್ನಯ್ಯ ಕೆಳಗೆ ಹಾಯಿಹಗ್ಗಗಳಲ್ಲಿ ಸಿಕ್ಕಿಕೊಂಡಿದ್ದ. ಸ್ವಲ್ಪ ಹೊತ್ತು ಕೆಳಗಿನಿಂದ ಬಡಿಯುವ ಸದ್ದು ಕೇಳಿತು. ಆಮೇಲೆ ಅದೂ ನಿಂತಿತು.

ಮೀನುಗಾರರ ದೋಣಿಯೊಂದು ಜಟ್ಟಪ್ಪನನ್ನು ಎತ್ತಿಕೊಂಡು ಅಳಿವೆಯಲ್ಲಿ ಇಳಿಸಿತು. ಅವನು ಒದ್ದೆ ಬಟ್ಟೆಯಲ್ಲೇ ಆಶ್ರಮಕ್ಕೆ ಬಂದು, ನಡೆದದ್ದನ್ನೆಲ್ಲ ಹೇಳಿದ.

"ಹೀಗಾಗಬಹುದು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಜೋಡಿ ದೋಣಿ ಬೇಡ ಅಂತ ಒಂದು ಮಾತು ಹೇಳಬಹುದಿತ್ತು."

"ಒಂಟಿ ದೋಣಿ ಕಟ್ಟಿಸು ಅಂದಿದ್ದರೆ, ಅದು ಬಂಡೆಗೆ ಬಡಿದು ಮುಳುಗಿದ ದಿನವೂ ನೀನು ಹೀಗೇ ಬಂದು ನಿಲ್ಲುತ್ತಿದ್ದೆ."

ಜಟ್ಟಪ್ಪನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಾಲೊತ್ತಿದ್ದು ಈ ಮಾತಿಗಾಗಿಯೇ ಎಂದುಕೊಂಡ. ತಪ್ಪು ನಿಮ್ಮದೇ ಎಂದು ಮುಖಕ್ಕೇ ಹೇಳಿದ. ಹೇಳಿ, ಅಲ್ಲೇ ಕುಳಿತುಬಿಟ್ಟ.

ಗುರು ತನ್ನ ಒಣ ಶಾಲನ್ನು ಅವನಿಗೆ ಹೊದಿಸಿದ. ದಡದಿಂದ ನೇರ ಇಲ್ಲಿಗೇ ಬಂದೆಯಾ ಎಂದು ಕೇಳಿದ. ಜಟ್ಟಪ್ಪ ಹೌದೆಂದು ತಲೆಯಾಡಿಸಿದ.

"ತಪ್ಪು ನನ್ನದೇ ಇರಲಿ, ನಾನು ಹೊರುತ್ತೇನೆ," ಎಂದ ಗುರು. "ಮಾದೇವಿಗೆ ಇನ್ನೂ ಯಾರೂ ಹೇಳಿಲ್ಲ. ಏಳು."