ಎಂದೂ ಕಡಿಯಬಾರದ ಗಿಡ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಪುಟ್ಟಮಾದಪ್ಪ ಎಂಬವರು ನರ್ಸರಿ ನಡೆಸುತ್ತಿದ್ದರು. ಮನೆ ಮುಂದೆ ಎಷ್ಟು ಜಾಗ ಇದೆ ಎಂದು ಹೇಳಿದರೆ ಸಾಕು, ಅದಕ್ಕೆ ಒಪ್ಪುವ ಗಿಡ ತೆಗೆದುಕೊಡುತ್ತಿದ್ದರು. ಸುತ್ತಮುತ್ತಲಿನವರಿಗೆ ಅವರ ಮಾತೆಂದರೆ ಅಷ್ಟು ನಂಬಿಕೆ.

ಒಂದು ಸಂಜೆ ಲೂರ್ದಮ್ಮ ಎಂಬ ಟೀಚರ್ ಬಂದರು. ಅವರ ಒಬ್ಬಳೇ ಮಗಳು ರೋಸ್ಲಿನ್ ಹಿಂದಿನ ವರ್ಷ ಜ್ವರದಿಂದ ತೀರಿಕೊಂಡಿದ್ದಳು. ಒಂಬತ್ತು ವರ್ಷದ ಹುಡುಗಿ.

“ಮನೆ ಮುಂದೆ ಕ್ರಿಸ್‌ಮಸ್ ಮರ ನೆಡೋಣಮ್ಮ ಅಂತ ಯಾವಾಗಲೂ ಕೇಳ್ತಿದ್ದಳು. ನಾಳೆಗೆ ಅವಳು ಹೋಗಿ ವರ್ಷ. ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ನೆಡಬೇಕು. ಅಂಗಳ ನಾಲ್ಕೇ ಅಡಿ, ಮೇಲೆ ಕರೆಂಟ್ ತಂತಿ. ಎಷ್ಟು ವರ್ಷ ಆದರೂ ಕಡಿಯೋ ಹಾಗೆ ಆಗಬಾರದು. ಅಂಥದ್ದು ಕೊಡಿ,” ಎಂದರು.

ಅಂಥ ಗಿಡ ಇಲ್ಲದೆ ಇಲ್ಲ. ಕ್ರಿಸ್‌ಮಸ್ ಮರದ ಹಾಗೇ ಕಾಣುವ ಗಿಡ್ಡ ತಳಿಯ ಥೂಜಾ ಹತ್ತು ವರ್ಷವಾದರೂ ಎದೆಮಟ್ಟ ಮೀರುವುದಿಲ್ಲ. ಆದರೆ ಅಂದು ನರ್ಸರಿಯಲ್ಲಿ ಒಂದೂ ಉಳಿದಿರಲಿಲ್ಲ. ಊಟಿಯಿಂದ ತರಿಸಲು ಹದಿನೈದು ದಿನ ಬೇಕಿತ್ತು. ಇದ್ದದ್ದು ಸೈಪ್ರೆಸ್ ಮರದ ಸಸಿ ಮಾತ್ರ. ಮೊಳದುದ್ದ ಇರುವಾಗ ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ. ಬೆಳೆದರೆ ಸೈಪ್ರೆಸ್ ಮನೆಯನ್ನೂ ಮೀರಿಸುತ್ತದೆ.

ಹದಿನೈದು ದಿನ ಕಾಯಿರಿ ಎನ್ನಬಹುದಿತ್ತು. ಆ ತಾಯಿಯ ಮುಖ ನೋಡಿ ಪುಟ್ಟಮಾದಪ್ಪನವರಿಗೆ ಬಾಯಿ ಬರಲಿಲ್ಲ.

“ತಗೊಳ್ಳಿ ಅಮ್ಮ, ಗಿಡ್ಡ ತಳಿನೇ ಇದು,” ಎಂದು ಸೈಪ್ರೆಸ್ ಕೊಟ್ಟರು.

ಎರಡನೇ ವರ್ಷ ಲೂರ್ದಮ್ಮ ಮತ್ತೆ ಬಂದರು. “ಗಿಡ ಆಗಲೇ ನನ್ನ ಹೆಗಲಿಗೆ ಬಂದಿದೆ. ಹೀಗೆ ಆಗುತ್ತಾ?”

ಆಗಲೂ ಕಾಲ ಮಿಂಚಿರಲಿಲ್ಲ. ಬೇರು ಎಳೆಯದು, ಕಿತ್ತು ಬೇರೆಡೆ ನೆಡಬಹುದಿತ್ತು. ಆದರೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯಾಯಿತು.

“ನಿಮ್ಮ ಮಣ್ಣು ಫಲವತ್ತಾಗಿದೆ, ಅದಕ್ಕೇ. ಇನ್ನು ನಿಲ್ಲುತ್ತೆ,” ಎಂದುಬಿಟ್ಟರು. ಅಂದಿನಿಂದ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು.

ಗಿಡ ನಿಲ್ಲಲಿಲ್ಲ. ಆರು ವರ್ಷಕ್ಕೆ ತಂತಿ ಮುಟ್ಟಿತು. ಕರೆಂಟ್ ಆಫೀಸಿನವರು ಬಂದು ತುದಿ ಕತ್ತರಿಸಿದರು. ಅಲ್ಲಿ ಮತ್ತೆ ಚಿಗುರಲಿಲ್ಲ, ಒಂದು ಕಡೆ ಕಂದುಬಣ್ಣಕ್ಕೆ ತಿರುಗಿ ಒಣಗಿತು. ಬೇರು ಕಾಂಪೌಂಡ್ ಗೋಡೆಯನ್ನು ಬಿರಿಸಿತು. ಒಂದು ಗಾಳಿಮಳೆಯ ದಿನ ಕೊಂಬೆ ತಂತಿಗೆ ತಗುಲಿ ಕಿಡಿ ಹಾರಿತು. ಮರ ಕಡಿಯಲೇಬೇಕು ಎಂದು ಲೈನ್‌ಮನ್ ಹೇಳಿಹೋದ.

ಲೂರ್ದಮ್ಮ ಪುಟ್ಟಮಾದಪ್ಪನವರಿಗೇ ಹೇಳಿಕಳಿಸಿದರು. “ಯಾರ್ಯಾರೋ ಕಡಿಯೋದು ಬೇಡ. ಗಿಡದ ಮೇಲೆ ಪ್ರೀತಿ ಇರೋರು ನೀವು, ನೀವೇ ಕಡಿಯಿರಿ.”

ಪುಟ್ಟಮಾದಪ್ಪ ಗರಗಸ ಕೆಳಗಿಟ್ಟರು. “ಅಮ್ಮ, ಇದು ಗಿಡ್ಡ ತಳಿ ಅಲ್ಲ. ಕೊಡುವಾಗಲೇ ನನಗೆ ಗೊತ್ತಿತ್ತು.”

“ಎರಡನೇ ವರ್ಷ ಬಂದು ಕೇಳಿದೆನಲ್ಲ, ಆಗ?”

“ಆಗಲೂ ಗೊತ್ತಿತ್ತು.”

“ಆಗ ಹೇಳಿದ್ದರೆ ಚರ್ಚಿನ ತೋಟದಲ್ಲಿ ನೆಡ್ತಿದ್ದೆ. ಅಲ್ಲಿ ಎಷ್ಟೊಂದು ಜಾಗ ಇತ್ತು,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರ ಕೆಳಗೆ ಬಿದ್ದಾಗಲೂ ಹೊರಗೆ ಬರಲಿಲ್ಲ.

ತಿಂಗಳು ಕಳೆದು ಪುಟ್ಟಮಾದಪ್ಪ ನಿಜವಾದ ಗಿಡ್ಡ ಥೂಜಾ ಹಿಡಿದು ಹೋದರು. ಲೂರ್ದಮ್ಮ ಗೇಟಿನ ಬಳಿ ಬಂದರು, ಗೇಟು ತೆಗೆಯಲಿಲ್ಲ.

“ಬೇಡಪ್ಪ. ಅವಳನ್ನ ಎರಡು ಸಲ ಕಳಿಸಿಕೊಟ್ಟಿದ್ದೀನಿ. ಇನ್ನು ನನ್ನ ಕೈಲಾಗಲ್ಲ.”

ಅಂಗಳಕ್ಕೆ ಅಷ್ಟರಲ್ಲೇ ಪೂರ್ತಿ ಸಿಮೆಂಟ್ ಹಾಕಿಸಿಯಾಗಿತ್ತು.

ನೀತಿ: ಕನಿಕರದಿಂದ ಹೇಳಿದರೂ ಸುಳ್ಳು ಸುಳ್ಳೇ. ತಪ್ಪನ್ನು ಸರಿಪಡಿಸಲು ಸಾಧ್ಯವಿರುವಾಗಲೇ ಒಪ್ಪಿಕೊಳ್ಳಬೇಕು. ತಡವಾಗಿ ಹೇಳಿದ ಸತ್ಯದಿಂದ ಹೇಳಿದವನ ಎದೆ ಹಗುರಾಗಬಹುದು, ಕಳೆದುಕೊಂಡವರಿಗೆ ಏನೂ ಮರಳಿ ಸಿಗುವುದಿಲ್ಲ.