ಮಾದೇವಿ ದಾರಿ ತಪ್ಪಿದ್ದು

"ಗುರುಗಳೇ, ನನಗೆ ತಿಳಿಯದ್ದನ್ನು ಅಲ್ಲಿ ಯಾರಾದರೂ ಕೇಳಿದರೆ ಏನು ಮಾಡಲಿ?"

ಹೀಗೆ ಕೇಳಿದ ಶಿಷ್ಯನು ಮರುದಿನ ಬೆಳಿಗ್ಗೆ ಬೇರೊಂದು ಊರಿಗೆ ಪಾಠ ಹೇಳಲು ಹೊರಡುವವನಿದ್ದ. ಬಟ್ಟೆಯ ಗಂಟು ಕಟ್ಟಿಯಾಗಿತ್ತು. ಮನಸ್ಸು ಮಾತ್ರ ಹೊರಟಿರಲಿಲ್ಲ. "ಕೇಳಿದವರ ಮುಂದೆ ನಾನು ತಡವರಿಸಿದರೆ ನಂಬಿಕೆ ಉಳಿಯುತ್ತದೆಯೇ? ನಂಬಿಕೆ ಹೋದ ಮೇಲೆ ನಾನು ಅಲ್ಲಿದ್ದಾದರೂ ಏನು ಪ್ರಯೋಜನ?" ಎಂದು ಮತ್ತೆ ಕೇಳಿದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಸಮುದ್ರದ ದಂಡೆಯಲ್ಲಿ ಒಂದು ಎತ್ತರದ ಗುಡ್ಡವಿತ್ತು. ಗುಡ್ಡದ ಈಚೆ ಒಂದು ಊರು. ಆಚೆ ಮರಳು, ನೀರು. ಘಟ್ಟದ ಮೇಲಿನ ಜನಕ್ಕೆ ಆ ಗುಡ್ಡ ಹತ್ತಿ ಸಮುದ್ರ ನೋಡುವ ಆಸೆ. ಅವರನ್ನು ಬೆಳಿಗ್ಗೆ ಈಚೆಯಿಂದ ಹತ್ತಿಸಿ, ನೆತ್ತಿಯ ಮೇಲೆ ನಿಲ್ಲಿಸಿ ಸಮುದ್ರ ತೋರಿಸಿ, ಹೊತ್ತು ಮುಳುಗುವ ಮೊದಲು ಆಚೆ ಇಳಿಸುವ ಕೆಲಸ ಮಾದೇವಿ ಎಂಬ ಹೆಂಗಸಿನದು. ಇಳಿದಲ್ಲಿ ಅವಳ ನಾದಿನಿಯ ಮನೆ. ನಡೆದು ದಣಿದವರಿಗೆ ಅಲ್ಲಿ ಕುಡಿಯಲು ಪಾನಕ, ತಿನ್ನಲು ಆ ಸೀಮೆಯ ತಿಂಡಿ ಸಿದ್ಧವಾಗಿರುತ್ತಿತ್ತು. ರಾತ್ರಿ ಅಲ್ಲೇ ಉಳಿದು, ಮರುದಿನ ದೋಣಿಯಲ್ಲಿ ಗುಡ್ಡವನ್ನು ಬಳಸಿಕೊಂಡು ಹಿಂದಿರುಗುವುದು ವಾಡಿಕೆ.

ಮೊದಲು ಈ ಕೆಲಸ ಅವಳ ಗಂಡನದಾಗಿತ್ತು. ಅವನು ಜ್ವರ ಬಂದು ತೀರಿಕೊಂಡ. ಮಾದೇವಿ ತಾನೇ ಮುಂದೆ ನಡೆಯುತ್ತೇನೆ ಎಂದಾಗ ಊರಿನವರು ನಕ್ಕರು. ಹೆಂಗಸಿನ ಹಿಂದೆ ಯಾರು ಗುಡ್ಡ ಹತ್ತುತ್ತಾರೆ ಎಂದರು. ಅವಳು ಜಗಳಕ್ಕೆ ಹೋಗಲಿಲ್ಲ. ಬಂದವರನ್ನು ಜೋಪಾನವಾಗಿ ದಾಟಿಸಿದಳು. ದಾಟಿದವರು ಹೋಗಿ ಬೇರೆಯವರಿಗೆ ಹೇಳಿದರು. ಅವಳ ಹೆಸರು ಹರಡಿತು. ಹೆಸರಿನ ಜೊತೆಗೆ ಮಾತೂ ದೊಡ್ಡದಾಯಿತು. "ಕಣ್ಣು ಕಟ್ಟಿ ಬಿಟ್ಟರೂ ಆಚೆ ಇಳಿಸುತ್ತೇನೆ" ಎನ್ನುವುದು ಅವಳಿಗೆ ರೂಢಿಯಾಗಿ ಹೋಯಿತು.

ಒಂದು ವರ್ಷ ಮಳೆ ಬಿಡದೆ ಸುರಿಯಿತು. ಮಳೆಗಾಲದಲ್ಲಿ ಗುಡ್ಡ ಹತ್ತುವವರಿಲ್ಲ. ಮಳೆ ನಿಂತ ಮೇಲೆ ಮೊದಲು ತಾನೊಬ್ಬನೇ ಹೋಗಿ ದಾರಿ ನೋಡಿ ಬರುವುದು ಅವಳ ಗಂಡನ ಪದ್ಧತಿಯಾಗಿತ್ತು. ಅವಳೂ ಕೆಲವು ವರ್ಷ ಹಾಗೆ ಮಾಡಿದ್ದಳು. ಆ ವರ್ಷ ಮಾಡಲಿಲ್ಲ. ಗೊತ್ತಿರುವ ದಾರಿಯನ್ನು ಮತ್ತೆ ನೋಡುವುದೇನು ಎಂದುಕೊಂಡಳು.

ಮೊದಲು ಬಂದವರು ನಾಲ್ವರು. ಒಬ್ಬ ಬಟ್ಟೆ ವ್ಯಾಪಾರಿ, ಅವನ ಮುದಿ ತಂದೆ, ಒಬ್ಬ ರೈತ ಮತ್ತು ಅವನ ಹೆಂಡತಿ. ಮುದುಕನು ಹುಟ್ಟಿದಾರಭ್ಯ ಸಮುದ್ರದ ಸುದ್ದಿ ಕೇಳಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಕಾಲು ನಡೆಯುವಾಗಲೇ ನೋಡಬೇಕು ಎಂದು ಹಟ ಹಿಡಿದು ಮಗನನ್ನು ಹೊರಡಿಸಿದ್ದ. ಮಗನಿಗೆ ಒಳಗೊಳಗೆ ದಿಗಿಲು.

"ನನ್ನ ತಂದೆಯನ್ನು ನಿನ್ನ ಕೈಗೆ ಒಪ್ಪಿಸುತ್ತಿದ್ದೇನೆ. ದಾರಿ ಸರಿಯಾಗಿ ಗೊತ್ತಿದೆ ತಾನೆ?" ಎಂದು ವ್ಯಾಪಾರಿ ಕೇಳಿದ.

ಮಾದೇವಿ ನಕ್ಕು ತನ್ನ ರೂಢಿಯ ಮಾತನ್ನೇ ಹೇಳಿದಳು.

ಹತ್ತುವುದು ಸುಖವಾಗಿ ಆಯಿತು. ಮುದುಕ ಕೋಲೂರಿಕೊಂಡು, ಅಲ್ಲಲ್ಲಿ ಕೂತು, ಯಾರನ್ನೂ ಕಾಡದೆ ಹತ್ತಿದ. ನೆತ್ತಿಯ ಮೇಲೆ ನಿಂತು ಸಮುದ್ರ ನೋಡಿದ. ಬಹಳ ಹೊತ್ತಿನ ಮೇಲೆ, "ಇದು ಇಲ್ಲೇ ಇತ್ತೇ, ಇಷ್ಟು ದಿನವೂ?" ಎಂದ. ಎಲ್ಲರೂ ನಕ್ಕರು. ಬುತ್ತಿ ಬಿಚ್ಚಿ ಉಂಡರು.

ಇಳಿಯುವಾಗ ತೊಂದರೆ ಎದುರಾಯಿತು. ಒಂದು ದೊಡ್ಡ ಬಂಡೆಯ ಬಲಕ್ಕೆ ಹೊರಳಿ ಕೆಳಗಿಳಿಯುವ ಕಾಲುದಾರಿಯೇ ಅವಳು ಬಲ್ಲ ದಾರಿ, ಅದು ಇರಲಿಲ್ಲ. ಮಳೆಗೆ ಗುಡ್ಡದ ಆ ಮಗ್ಗುಲೇ ಜರಿದು ಬಿದ್ದಿತ್ತು. ಬಂಡೆಯೂ ಇಲ್ಲ, ದಾರಿಯೂ ಇಲ್ಲ. ಕೆಂಪು ಮಣ್ಣು, ಬುಡಮೇಲಾದ ಮರಗಳು.

ಮಾದೇವಿ ಅಲ್ಲೇ ನಿಂತಳು. ಹಿಂದೆ ನಾಲ್ವರೂ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದರು. ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಹೇಳಿದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಅಂದು ನಕ್ಕವರು ಮತ್ತೆ ನಗುತ್ತಾರೆ. ಗುಡ್ಡ ಇದೇ, ಸಮುದ್ರ ಇದೇ, ಎಲ್ಲಿಂದಾದರೂ ಇಳಿದರಾಯಿತು ಎಂದುಕೊಂಡು ಅವಳು ಎಡಕ್ಕೆ ಹೊರಳಿದಳು. "ಈ ಸಲ ಹೀಗೆ ಹೋಗೋಣ" ಎಂದಳು. ಯಾರೂ ಏಕೆ ಎಂದು ಕೇಳಲಿಲ್ಲ.

ಅಲ್ಲಿಂದ ಮುಂದೆ ಅವಳು ಬಾಯಿ ಮುಚ್ಚಲಿಲ್ಲ. ಈ ಮರದ ತೊಗಟೆ ಹಲ್ಲುನೋವಿಗೆ ಒಳ್ಳೆಯದು, ಆ ಬಳ್ಳಿಯ ಗೆಡ್ಡೆ ತಿನ್ನಬಾರದು, ಇಲ್ಲಿ ಒಮ್ಮೆ ಚಿರತೆ ಕಂಡಿತ್ತು ಎಂದು ಒಂದರ ಮೇಲೊಂದು ಹೇಳುತ್ತ ನಡೆದಳು. ಮಾತು ನಿಂತರೆ ತನ್ನ ಹೆದರಿಕೆ ಅವರಿಗೆ ಕೇಳಿಸೀತು ಎಂದು ಅವಳಿಗೆ ಅನ್ನಿಸುತ್ತಿತ್ತು. ನಾಲ್ವರೂ ಅವಳ ಮಾತಿಗೆ ತಲೆದೂಗುತ್ತ ಹಿಂದೆ ಬಂದರು.

ನಡೆಯುತ್ತ ನಡೆಯುತ್ತ ಅವರೆಲ್ಲ ಒಂದು ಕೊರಕಲಿನ ಅಂಚಿಗೆ ಬಂದು ನಿಂತರು. ಮುಂದೆ ಹೆಜ್ಜೆ ಇಡಲು ನೆಲವಿಲ್ಲ. ತೀರ ಕೆಳಗೆ ತೆರೆಗಳು ಕಲ್ಲಿಗೆ ಬಡಿಯುತ್ತಿದ್ದವು. ವ್ಯಾಪಾರಿ ಅವಳ ಮುಖ ನೋಡಿದ. ಮಾದೇವಿ ತಡಮಾಡಲಿಲ್ಲ.

"ಇಲ್ಲಿಂದ ಸಮುದ್ರ ಇನ್ನೂ ಚೆನ್ನಾಗಿ ಕಾಣುತ್ತದೆ. ಅಜ್ಜನಿಗೆ ತೋರಿಸೋಣ ಅಂತ ಕರೆದುಕೊಂಡು ಬಂದೆ" ಎಂದಳು.

ಮುದುಕ ಅವಳಿಗೆ ಕೈಮುಗಿದ. "ಎಲ್ಲರಿಗೂ ಇದನ್ನು ತೋರಿಸುತ್ತೀಯೋ, ನನಗೆ ಮಾತ್ರವೋ ಮಗಳೇ?" ಎಂದು ಕೇಳಿದ. "ನಿಮಗೆ ಮಾತ್ರ" ಎಂದಳು ಮಾದೇವಿ.

ಬಂದಷ್ಟನ್ನೂ ಮತ್ತೆ ಹತ್ತಬೇಕಾಯಿತು. ಹತ್ತುವಾಗ ಮುದುಕನ ಕಾಲು ನಡುಗತೊಡಗಿತು. ರೈತ ಅವನ ತೋಳು ಹಿಡಿದುಕೊಂಡ. ಕುಡಿಯುವ ನೀರು ಮುಗಿಯುತ್ತ ಬಂದಿತ್ತು. ಹೊತ್ತು ಇಳಿಮುಖವಾಗಿತ್ತು. "ಇನ್ನೆಷ್ಟು ದೂರ?" ಎಂದು ವ್ಯಾಪಾರಿ ಕೇಳಿದಾಗಲೆಲ್ಲ ಅವಳು, "ಇಲ್ಲೇ, ಆ ತಿರುವು ದಾಟಿದರೆ ಆಯಿತು" ಎನ್ನುತ್ತಿದ್ದಳು. ತಿರುವು ದಾಟಿದರೆ ಮತ್ತೊಂದು ತಿರುವು ಬರುತ್ತಿತ್ತು.

ಕೊನೆಗೆ ಮುದುಕ ಒಂದು ಮರದ ಬೇರಿನ ಮೇಲೆ ಕುಸಿದು ಕೂತ. ಮಗ ಗಾಬರಿಯಾಗಿ ಅವನ ಬೆನ್ನು ನೀವಿದ. ಮಾದೇವಿ ಓಡಿಬಂದು ಉಳಿದಿದ್ದ ನೀರು ಕುಡಿಸಿದಳು. ಮುದುಕ ಅವಳ ಕೈಯನ್ನು ಮೆಲ್ಲಗೆ ತಟ್ಟಿದ.

"ಹೆದರಬೇಡ ಮಗಳೇ. ನೀನು ಮುಂದಿದ್ದೀಯಲ್ಲ, ನನಗೇನೂ ಭಯವಿಲ್ಲ" ಎಂದ.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತು ನಾಲ್ವರ ಕಡೆಗೂ ತಿರುಗಿದಳು.

"ನನಗೆ ದಾರಿ ತಪ್ಪಿದೆ. ನಾನು ಬಲ್ಲ ದಾರಿ ಮಳೆಗೆ ಕುಸಿದು ಹೋಗಿದೆ. ಆಗಲೇ ಗೊತ್ತಾಯಿತು, ಹೇಳಲಿಲ್ಲ. ಸಮುದ್ರ ತೋರಿಸಲು ಕರೆದುಕೊಂಡು ಹೋದೆ ಎಂದೆನಲ್ಲ, ಅದೂ ಸುಳ್ಳು. ಮತ್ತೆ ನೆತ್ತಿ ಹತ್ತಿ ಊರಿಗೆ ಮರಳುವಷ್ಟು ಹೊತ್ತೂ ಉಳಿದಿಲ್ಲ. ಈಗ ಯಾವ ಕಡೆ ಹೋಗಬೇಕು ಎಂದು ನನಗೆ ತಿಳಿಯುತ್ತಿಲ್ಲ."

ವ್ಯಾಪಾರಿ ಕೆಂಡವಾದ. "ತಿಳಿಯದವಳು ಮುಂದೆ ಏಕೆ ನಡೆದೆ? ನನ್ನ ತಂದೆಗೆ ಏನಾದರೂ ಆದರೆ ಯಾರು ಹೊಣೆ?" ಎಂದು ಕೂಗಿದ. ಕೂಗಿ ಸುಸ್ತಾಗಿ ತಂದೆಯ ಪಕ್ಕದಲ್ಲಿ ಕೂತ. ಸಮುದ್ರದ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು.

ಆಗ ರೈತನ ಹೆಂಡತಿ ಬಾಯಿ ತೆರೆದಳು. ಬೆಳಗಿನಿಂದ ಅವಳು ಆಡಿದ ಮಾತು ಬಹಳ ಕಡಿಮೆ.

"ಅಕ್ಕಾ, ಆ ಒನಕೆಯ ಸದ್ದು ಯಾರ ಮನೆಯದು?"

"ಯಾವ ಒನಕೆ?"

"ಯಾರೋ ಕುಟ್ಟುತ್ತಿದ್ದಾರೆ. ಅಲ್ಲಿ ಎಡಕ್ಕೆ ಹೊರಳಿದೆವಲ್ಲ, ಆಗಿನಿಂದ ಕೇಳಿಸುತ್ತಿದೆ. ಒಮ್ಮೊಮ್ಮೆ ಹತ್ತಿರ, ಒಮ್ಮೊಮ್ಮೆ ದೂರ. ನಾವು ಸದ್ದು ಬಿಟ್ಟು ಬೇರೆ ಕಡೆ ಹೋಗುತ್ತಿದ್ದೇವಲ್ಲ ಎಂದು ಇವರಿಗೆ ಹೇಳಿದೆ. ದಾರಿ ಬಲ್ಲವರು ಮುಂದಿರುವಾಗ ನಿನ್ನದೇನು, ಸುಮ್ಮನೆ ಬಾ ಎಂದರು. ನನಗೂ ಸರಿ ಅನ್ನಿಸಿತು. ನಿಮಗೆ ಗೊತ್ತೇ ಇರುತ್ತದೆ ಎಂದುಕೊಂಡೆ."

ರೈತ ತಲೆ ತಗ್ಗಿಸಿದ. ಮಾದೇವಿ ಉಸಿರು ಹಿಡಿದು ಕಿವಿಗೊಟ್ಟಳು. ಮೊದಲು ತೆರೆಗಳ ಮೊರೆತ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಧಪ್, ಧಪ್. ಇಬ್ಬರು ಎದುರು ಬದುರು ನಿಂತು ಕುಟ್ಟುವ ಸದ್ದು. ನಾದಿನಿ ಮತ್ತು ಅವಳ ಮಗಳು ಹುರಿದ ಭತ್ತವನ್ನು ಒರಳಿಗೆ ಹಾಕಿ ಅವಲಕ್ಕಿ ಕುಟ್ಟುತ್ತಿದ್ದರು. ಬರುವವರಿಗಾಗಿ.

"ನಮ್ಮ ಮನೆಯದೇ. ನಮಗಾಗಿಯೇ ಕುಟ್ಟುತ್ತಿದ್ದಾರೆ" ಎಂದಳು ಮಾದೇವಿ. ಅವಳ ಕಣ್ಣು ತುಂಬಿತು.

ಅಲ್ಲಿಂದ ಅವಳೊಬ್ಬಳೇ ಮುಂದೆ ನಡೆಯಲಿಲ್ಲ. ರೈತನ ಹೆಂಡತಿಯನ್ನು ಪಕ್ಕದಲ್ಲಿ ಕರೆದುಕೊಂಡಳು. ಇವಳು ಸದ್ದಿನ ದಿಕ್ಕು ಹೇಳುವಳು. ಮಾದೇವಿ ಕಾಲಿಡುವ ನೆಲ ಗಟ್ಟಿಯೋ ಸಡಿಲವೋ ನೋಡುವಳು. ರೈತ ಮುದುಕನನ್ನು ಬೆನ್ನ ಮೇಲೆ ಹೊತ್ತುಕೊಂಡ. ಸ್ವಲ್ಪ ದೂರ ಇಳಿದ ಮೇಲೆ ಕುಟ್ಟುವುದು ನಿಂತುಬಿಟ್ಟಿತು. ಎಲ್ಲರೂ ಕಾದರು. ಸದ್ದು ಮತ್ತೆ ಏಳಲಿಲ್ಲ. ಆಗ ವ್ಯಾಪಾರಿ, ಸಂತೆಯಲ್ಲಿ ನಿಂತು ಗಿರಾಕಿಗಳನ್ನು ಕರೆದು ಕರೆದು ಪಳಗಿದ ಗಂಟಲಿನವನು, ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗು ಹಾಕಿದ. ಒಮ್ಮೆ ಹಾಕಿದ, ಮತ್ತೊಮ್ಮೆ ಹಾಕಿದ. ಕೆಳಗಿನಿಂದ ಒಂದು ಹೆಣ್ಣುದನಿ ಓಗೊಟ್ಟಿತು. ಅವನು ಕೂಗುತ್ತ, ಆ ದನಿ ಓಗೊಡುತ್ತ, ಅವರೆಲ್ಲ ಆ ದನಿಯನ್ನೇ ಹಿಡಿದುಕೊಂಡು ಇಳಿದರು. ಇನ್ನೂ ಬೆಳಕಿರುವಾಗಲೇ ಮರಳು ಕಾಲಿಗೆ ತಾಗಿತು.

"ಇಷ್ಟು ಹೊತ್ತು ಏಕೆ ಆಯಿತು ಅತ್ತಿಗೆ?" ಎಂದು ನಾದಿನಿ ಅಂಗಳದಲ್ಲೇ ಕೇಳಿದಳು. ಅಕ್ಕಪಕ್ಕದ ಮನೆಯವರೂ ಕೂಗು ಕೇಳಿ ಬಂದು ನಿಂತಿದ್ದರು.

ವ್ಯಾಪಾರಿ ಮಾದೇವಿಯ ಕಡೆ ನೋಡಿದ. ಇಲ್ಲಿ ಅವಳು ಏನು ಹೇಳಿದರೂ ನಡೆಯುತ್ತಿತ್ತು.

"ದಾರಿ ತಪ್ಪಿಸಿದೆ. ಈ ತಂಗಿ ಉಳಿಸಿದಳು" ಎಂದಳು ಮಾದೇವಿ.

ಯಾರೂ ನಗಲಿಲ್ಲ. ನಾದಿನಿ ಎಲ್ಲರ ಕಾಲಿಗೂ ಬಿಸಿನೀರು ಕೊಟ್ಟು ಚಾಪೆ ಹಾಸಿದಳು. ಮುರುಗಲ ಹಣ್ಣಿನ ಕೆಂಪು ಪಾನಕ ಬಂತು. ಬೆಲ್ಲ, ಕಾಯಿತುರಿ ಬೆರೆಸಿದ ಹೊಸ ಅವಲಕ್ಕಿ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ಬೇಯಿಸಿದ ಗೆಣಸು ಬಂದವು. ಮುದುಕ ಪಾನಕವನ್ನು ಎರಡು ಸಲ ಕೇಳಿ ಕುಡಿದ. ಹುಳಿಗೆ ಮುಖ ಕಿವುಚಿ, ಮೂರನೆಯ ಸಲವೂ ಲೋಟ ಮುಂದೆ ಹಿಡಿದ. ಮಾದೇವಿ ಮಾತ್ರ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು.

ವ್ಯಾಪಾರಿ ಒಂದು ಲೋಟ ಪಾನಕ ತೆಗೆದುಕೊಂಡು ಹೋಗಿ ಅವಳ ಪಕ್ಕದಲ್ಲಿಟ್ಟ.

"ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ" ಎಂದ. "ಆದರೆ ನೀನೂ ಬೆಳಗಿನಿಂದ ನಡೆದಿದ್ದೀಯೆ. ಕುಡಿ."

ಅವಳು ಕುಡಿದಳು. ಒಳಗಿನಿಂದ ಮುದುಕ, "ಮಗಳೇ, ಆ ಕೊರಕಲಿನ ಅಂಚು ತೋರಿಸಿದೆಯಲ್ಲ, ಸುಳ್ಳು ಹೇಳಿ ತೋರಿಸಿದರೂ ಅದು ಚೆನ್ನಾಗಿಯೇ ಇತ್ತು" ಎಂದು ಕೂಗಿ ಹೇಳಿದ. ಆಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ಒಳಗೆ ಬಂದು ರೈತನ ಹೆಂಡತಿಯ ಪಕ್ಕದಲ್ಲಿ ಕೂತು ಅವಲಕ್ಕಿ ತಿಂದಳು.

ಮರುದಿನ ಅವರ ದೋಣಿ ಹೋದ ಮೇಲೆ ಮಾದೇವಿ ಮತ್ತೆ ಗುಡ್ಡ ಹತ್ತಿದಳು. ಕುಸಿದ ಜಾಗವನ್ನು ಬಳಸಿ ಹೊಸ ದಾರಿ ಕಂಡುಕೊಂಡಳು. ಮುಂದೆ ಬಂದವರನ್ನೆಲ್ಲ ಬುಡದಲ್ಲೇ ನಿಲ್ಲಿಸಿ, "ನನಗೆ ಈ ದಾರಿ ಗೊತ್ತು. ಆದರೆ ನಿಮಗೆ ಏನಾದರೂ ಕಂಡರೆ, ಕೇಳಿಸಿದರೆ, ನನಗೆ ಹೇಳದೆ ಇರಬೇಡಿ" ಎನ್ನುತ್ತಿದ್ದಳು. ಕೆಲವರು ಇದನ್ನು ಕೇಳಿ, ಇವಳಿಗೇ ಧೈರ್ಯವಿಲ್ಲ ಎಂದು ಹಿಂದಿರುಗಿ ಹೋದದ್ದೂ ಉಂಟು. ಉಳಿದವರು ಹತ್ತಿದರು, ನೋಡಿದರು, ಇಳಿದು ಪಾನಕ ಕುಡಿದರು. ಬಹಳ ವರ್ಷ ಅವಳು ಜನರನ್ನು ಆ ಗುಡ್ಡ ದಾಟಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ತಿಳಿಯಾಗಿತ್ತು.

"ತಿಳಿಯಿತು ಗುರುಗಳೇ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆ. ಮಾದೇವಿಯಂತೆ ತಡಮಾಡುವುದಿಲ್ಲ" ಎಂದು ಅವನು ಎದ್ದು ನಮಸ್ಕರಿಸಿದ.

"ಅದು ನಾಳೆಯ ಮಾತು. ಇಷ್ಟು ವರ್ಷ ನೀನೂ ಆ ರೈತನ ಹೆಂಡತಿಯಂತೆ ನನ್ನ ಹಿಂದೆ ಸುಮ್ಮನೆ ನಡೆದೆಯಲ್ಲ ಮಗು, ನಿನಗೆ ಕೇಳಿಸಿದ್ದನ್ನು ನನಗೆ ಯಾವಾಗ ಹೇಳುತ್ತೀಯೆ?" ಎಂದರು ಗುರುಗಳು.